ಊರ ಶಾಲೆಯ ಓದು, ಊರ ಶಾಲೆಯ ದುಡ್ಡು: ಎಸ್‌ಡಿಎಂಸಿ ಸದಸ್ಯರಿಗೂ ಪೋಷಕರಿಗೂ ಒಂದು ಮಾರ್ಗದರ್ಶಿ

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆಯಾಗಿ ನಾನು ಕೂತ ಮೊದಲ ಸಭೆ ಚೆನ್ನಾಗಿ ನೆನಪಿದೆ. ಪಾವಗಡದ ಕಡೆಯ ಸಣ್ಣ ಹಳ್ಳಿ, ಐದನೇ ತರಗತಿವರೆಗಿನ ಶಾಲೆ, ನಲವತ್ತು ಚಿಲ್ಲರೆ ಮಕ್ಕಳು. ಗೇಟಿಗೆ ಯಾವ ಬಣ್ಣ ಹೊಡೆಸುವುದು, ಆಗಸ್ಟ್ ಹದಿನೈದಕ್ಕೆ ಲಾಡು ಯಾರು ಕೊಡಿಸುವುದು ಎಂದು ಎರಡು ಗಂಟೆ ಮಾತಾಡಿದೆವು. ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಎದ್ದೆವು. ಮಕ್ಕಳಿಗೆ ಓದೋಕೆ ಬರುತ್ತಾ ಎಂದು ಯಾರೂ ಕೇಳಲಿಲ್ಲ. ಆ ವರ್ಷ ಶಾಲೆಗೆ ಎಷ್ಟು ದುಡ್ಡು ಬಂತು ಎಂದೂ ಯಾರೂ ಕೇಳಲಿಲ್ಲ. ಕೇಳಬಹುದು ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಆಮೇಲಿನ ಮೂರು ವರ್ಷದಲ್ಲಿ ನನಗೆ ಮನದಟ್ಟಾದ ಮಾತು ಇದು: ಓದಿನ ಲೆಕ್ಕವನ್ನೂ ದುಡ್ಡಿನ ಲೆಕ್ಕವನ್ನೂ ಒಂದೇ ದಿನ, ಒಂದೇ ಚಾಪೆಯ ಮೇಲೆ ಬಿಚ್ಚಿಡಬೇಕು. ದುಡ್ಡಿನ ಮಾತು ಬಂದಾಗ ಬಣ್ಣ, ಸುಣ್ಣ, ಗೇಟು ಅಂತೀವಿ. ಓದಿನ ಮಾತು ಬಂದಾಗ ‘ಮಕ್ಕಳು ದಡ್ಡರು, ಅಪ್ಪ ಅಮ್ಮ ಗಮನ ಕೊಡಲ್ಲ’ ಅಂತೀವಿ. ಎರಡಕ್ಕೂ ನಂಟೇ ಇಲ್ಲವೇನೋ ಅನ್ನುವ ಹಾಗೆ. ಆ ನಂಟು ಕಟ್ಟುವ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ನಿಮ್ಮ ಶಾಲೆ ಚಿಕ್ಕದಿದ್ದಷ್ಟೂ ಇದು ಸುಲಭ. ನಲವತ್ತು ಮಕ್ಕಳ ಓದನ್ನು ಎರಡು ದಿನದಲ್ಲಿ ಕೇಳಿ ಮುಗಿಸಬಹುದು.

ಕೇಳುವ ಹಕ್ಕು ನಿಮಗಿದೆ

ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಶುರುವಾದದ್ದು 2001ರಲ್ಲಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಇಂಥ ಸಮಿತಿಗಳಿಗೆ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆಗೆ ಬರುವ ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು ಸಮಿತಿಯ ಕೆಲಸ ಎಂದು ಕಾಯ್ದೆಯಲ್ಲೇ ಬರೆದಿದೆ. 22ನೇ ಕಲಮಿನ ಪ್ರಕಾರ ಶಾಲಾಭಿವೃದ್ಧಿ ಯೋಜನೆ ತಯಾರಿಸಬೇಕಾದದ್ದೂ ಇದೇ ಸಮಿತಿ. ಹಾಗಾಗಿ ‘ಲೆಕ್ಕ ತೋರಿಸಿ ಸಾರ್’ ಅನ್ನುವುದಕ್ಕೆ ಅಳುಕಬೇಡಿ. ಜಗಳದ ದನಿಯಲ್ಲಿ ಕೇಳುವ ಅಗತ್ಯವೂ ಇಲ್ಲ. ಎಷ್ಟೋ ಹೆಡ್‌ಮಾಸ್ಟರ್‌ಗಳು ಒಬ್ಬರೇ ಲೆಕ್ಕ ಬರೆದು, ಪಾಠ ಮಾಡಿ, ಬಿಸಿಯೂಟ ನೋಡಿ ಸುಸ್ತಾಗಿರುತ್ತಾರೆ. ಜೊತೆಗೆ ಕೂರುವವರು ಸಿಕ್ಕರೆ ಅವರಿಗೂ ಆಸರೆ.

ಮಗುವಿನ ಪಕ್ಕದಲ್ಲಿ ಕೂತು ಓದಿಸಿ

ಅಂಕಪಟ್ಟಿಯಿಂದ ಶುರು ಮಾಡಬೇಡಿ, ಮಗುವಿನಿಂದ ಶುರು ಮಾಡಿ. ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿಗಳಲ್ಲಿ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ದಾರಿ ತುಂಬ ಸರಳವಾದದ್ದು. ಮಗುವಿನ ಕೈಗೆ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ ಕೊಡುತ್ತಾರೆ. ಎಲ್ಲಿಯವರೆಗೆ ಸರಾಗವಾಗಿ ಓದುತ್ತದೋ ಅದೇ ಅದರ ಮಟ್ಟ. ಲೆಕ್ಕಕ್ಕೆ ಅಂಕಿ ಗುರುತಿಸುವುದು, ಸಾಲ ತೆಗೆದು ಕಳೆಯುವುದು, ಭಾಗಾಕಾರ. ಐದನೇ ತರಗತಿಯ ಮಗುವಿಗೂ ಇದೇ ಹಾಳೆ. ಇದನ್ನು ನಿಮ್ಮ ಶಾಲೆಯಲ್ಲಿ ನೀವೇ ಮಾಡಬಹುದು. ಆದರೆ ಟೀಚರ್ ಜೊತೆಯಲ್ಲೇ ಮಾಡಿ, ಅವರ ಬೆನ್ನ ಹಿಂದೆ ಬೇಡ.

ಕನ್ನಡಕ್ಕೆ ಈ ಮೆಟ್ಟಿಲುಗಳನ್ನು ಇನ್ನೊಂದಿಷ್ಟು ಬಿಡಿಸಿಕೊಳ್ಳಬೇಕು. ಮೂಲಾಕ್ಷರ, ಕಾಗುಣಿತ, ಒತ್ತಿಲ್ಲದ ಪದ, ಒತ್ತಕ್ಷರದ ಪದ, ವಾಕ್ಯ, ಕಥೆ. ಯಾಕೆ ಅನ್ನುವುದು ನನಗೆ ಗೊತ್ತಾದದ್ದು ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಪಕ್ಕ ಕೂತಾಗ. ‘ಅಜ್ಜಿ ಬುಟ್ಟಿಯಲ್ಲಿ ಹಣ್ಣು ತಂದಳು’ ಎಂದು ಸ್ಲೇಟಿನ ಮೇಲೆ ಬರೆದುಕೊಟ್ಟೆ. ಬೆರಳಿಟ್ಟುಕೊಂಡು ಓದಿದಳು: ‘ಅಜಿ... ಬುಟಿಯಲಿ... ಹಣು... ತಂದಳು.’ ಒತ್ತು ಬಂದ ಕಡೆಯೆಲ್ಲ ಹಾರಿಸಿಬಿಟ್ಟಳು. ಏನು ಓದಿದೆ ಮಗಾ ಅಂದರೆ ಹೇಳಲು ಬರಲಿಲ್ಲ. ಮನೆಯಲ್ಲಿ ಅವಳದು ತೆಲುಗು, ನಮ್ಮ ಗಡಿ ಭಾಗದ ಅರ್ಧ ಮನೆಗಳಂತೆ. ‘ಒತ್ತಕ್ಷರ ಮುಗಿಯೋ ಹೊತ್ತಿಗೆ ಇವಳು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಹೋಗಿದ್ಲು ಅಕ್ಕಾ, ಗಾರೆ ಕೆಲಸಕ್ಕೆ. ವಾಪಸ್ ಬಂದಾಗ ಕ್ಲಾಸು ಮುಂದಕ್ಕೆ ಹೋಗಿತ್ತು’ ಅಂದರು ಟೀಚರ್. ಮೂರು ವರ್ಷದಿಂದ ಆ ಮಗು ಒತ್ತಕ್ಷರದ ಮೆಟ್ಟಿಲ ಮೇಲೇ ನಿಂತಿತ್ತು. ಪರಿಸರ ಅಧ್ಯಯನದಲ್ಲಿ ಕಡಿಮೆ ಅಂಕ, ಲೆಕ್ಕದ ಪ್ರಶ್ನೆ ಅರ್ಥವಾಗದಿರುವುದು, ಎಲ್ಲಕ್ಕೂ ಬೇರು ಅಲ್ಲೇ ಇತ್ತು.

ಲೆಕ್ಕದಲ್ಲೂ ಹಾಗೆಯೇ. 52ರಲ್ಲಿ 27 ಕಳೆ ಅಂದರೆ ನಾಲ್ಕೈದು ಮಕ್ಕಳು 35 ಎಂದು ಬರೆದರು. ಐದರಲ್ಲಿ ಎರಡು ಹೋದರೆ ಮೂರು, ಏಳರಲ್ಲಿ ಎರಡು ಹೋದರೆ ಐದು. ಮೇಲೆ ಕೆಳಗೆ ನೋಡದೆ, ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದರು. ಅದೇ ಮಕ್ಕಳಿಗೆ ‘ಅಂಗಡಿಗೆ ಐವತ್ತೆರಡು ರೂಪಾಯಿ ತಗೊಂಡು ಹೋದೆ, ಇಪ್ಪತ್ತೇಳು ಕೊಟ್ಟೆ, ಎಷ್ಟು ಉಳೀತು?’ ಅಂದರೆ ಇಬ್ಬರು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ‘ಇಪ್ಪತ್ತೈದು’ ಅಂದರು. ಮಕ್ಕಳ ತಲೆಯಲ್ಲಿ ಲೆಕ್ಕ ಇದೆ. ಅದು ಹಾಳೆಯ ಮೇಲೆ ಬರುತ್ತಿಲ್ಲ. ಹತ್ತರ ಕಟ್ಟು ಬಿಚ್ಚಿ ಬಿಡಿ ಮಾಡುವುದನ್ನು ಕೈಯಲ್ಲಿ ಆಡಿ ನೋಡಿಲ್ಲ, ಅಷ್ಟೇ.

ಹೀಗೆ ಮಾಡಿ. ಜೂನ್ ಎರಡನೇ ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಎರಡನೇ ತರಗತಿಯಿಂದ ಮೇಲಿನ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಪಕ್ಕಕ್ಕೆ ಕೂರಿಸಿಕೊಳ್ಳಿ. ಒಂದು ಮಗುವಿಗೆ ಏಳೆಂಟು ನಿಮಿಷ ಸಾಕು. ಪರೀಕ್ಷೆ ಅನ್ನುವ ಮಾತು ಆಡಬೇಡಿ. ಹೆದರಿದ ಮಗು ಬರುವುದನ್ನೂ ಮರೆಯುತ್ತದೆ. ಒಂದು ಹಾಳೆಯಲ್ಲಿ ಮಗುವಿನ ಹೆಸರಿನ ಮುಂದೆ ಓದಿನ ಮೆಟ್ಟಿಲು, ಲೆಕ್ಕದ ಮೆಟ್ಟಿಲು, ಎರಡೇ ಮಾತು ಬರೆಯಿರಿ. ಆ ಹಾಳೆ ಟೀಚರ್ ಹತ್ತಿರ ಇರಲಿ. ಸಭೆಗೆ ಹೆಸರು ಬೇಡ, ಎಣಿಕೆ ಮಾತ್ರ ತನ್ನಿ: ಒತ್ತಕ್ಷರದ ಹತ್ತಿರ ನಿಂತವರು ಇಷ್ಟು, ಸಾಲದ ಕಳೆಯುವ ಲೆಕ್ಕ ಬಾರದವರು ಇಷ್ಟು ಎಂದು. ಯಾರದೋ ಮಗ ದಡ್ಡ ಎಂದು ಊರ ಕಟ್ಟೆಯ ಮೇಲೆ ಆಡಿಕೊಳ್ಳುವಂತಾದರೆ ಇಡೀ ಕೆಲಸವೇ ಕೆಡುತ್ತದೆ. ಇದೇ ಹಾಳೆಯನ್ನು ದಸರಾ ರಜೆ ಮುಗಿದ ಮೇಲೆ ಮತ್ತೊಮ್ಮೆ, ಫೆಬ್ರವರಿಯಲ್ಲಿ ಇನ್ನೊಮ್ಮೆ ತುಂಬಿ.

ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿ-ಕಲಿ ಕೋಣೆಯಲ್ಲಿದ್ದರೆ ಅವರ ಪ್ರಗತಿ ನೋಟ ಅಲ್ಲೇ ಗೋಡೆಯ ಮೇಲಿರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂತು ರೂಪಿಸಿದ, ಕಲಿಕೆ ಕಾರ್ಡುಗಳಿಂದ ಕಲಿಸುವ ಪದ್ಧತಿ ಅದು. ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. ಆ ಹಾಳೆ ಕೊನೆಯ ಬಾರಿ ತುಂಬಿದ್ದು ಯಾವಾಗ ಎಂದು ಮೆಲ್ಲಗೆ ಕೇಳಿ.

ರಿಜಿಸ್ಟರ್ ಹೇಳುವುದನ್ನೂ ಕೇಳಿ

ಹಾಜರಾತಿಯಲ್ಲಿ ಒಟ್ಟು ಸರಾಸರಿ ನೋಡಿ ಸಮಾಧಾನ ಪಡಬೇಡಿ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ, ಆರರಿಂದ ಎಂಟಕ್ಕೆ 220 ದಿನ. ಶೇ. 70 ಹಾಜರಾತಿ ಅಂದರೆ ಕೇಳೋಕೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ 200 ದಿನದಲ್ಲಿ ಆ ಮಗು 60 ದಿನ ಶಾಲೆಯಲ್ಲಿರಲಿಲ್ಲ ಎಂದು ಅರ್ಥ. ಎರಡು ತಿಂಗಳಿಗೂ ಹೆಚ್ಚಿನ ಪಾಠ ಹೋಯಿತು. ಹಾಗಾಗಿ ತಿಂಗಳಿಗೆ ಐದು ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡ ಮಕ್ಕಳನ್ನು ಮಾತ್ರ ಬೇರೆ ಬರೆದುಕೊಳ್ಳಿ, ಅವರ ಮನೆಗೆ ಹೋಗಿ ಬನ್ನಿ. ನಾವು ಹೋದ ಮನೆಗಳಲ್ಲಿ ಹೆಚ್ಚಿನವು ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ದೊಡ್ಡ ಮಗುವನ್ನು ಬಿಟ್ಟು ಕೂಲಿಗೆ ಹೋದ ಮನೆಗಳು.

ಹೈಸ್ಕೂಲು ಇರುವ ಊರಿನವರು ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೇ ಶಾಲೆಯ ಅಳತೆಗೋಲು ಮಾಡಿಕೊಂಡಿರುತ್ತಾರೆ. ಅದನ್ನು ಎಚ್ಚರದಿಂದ ಓದಬೇಕು. ರಾಜ್ಯದ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಕಾವಲು ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶೇ. 66.14. ದಕ್ಷಿಣ ಕನ್ನಡ ಶೇ. 91.12 ಪಡೆದಾಗ ಕಲಬುರಗಿ ಶೇ. 42.43ರಲ್ಲಿ ಉಳಿಯಿತು. ಒಂದೇ ವರ್ಷದಲ್ಲಿ ಹತ್ತು ಅಂಶ ಇಳಿಯುವಷ್ಟು ಮಕ್ಕಳು ದಡ್ಡರಾಗುವುದಿಲ್ಲ. ಹತ್ತನೆಯಲ್ಲಿ ಬೀಳುವ ಮಗು ನಾಲ್ಕನೆಯಲ್ಲೇ ಒತ್ತಕ್ಷರದ ಹತ್ತಿರ ನಿಂತಿತ್ತು ಅನ್ನುವುದು ನನ್ನ ಅಂದಾಜು. ಅದಕ್ಕೇ ಪ್ರಾಥಮಿಕ ಶಾಲೆಯ ಸಮಿತಿಯ ಕೆಲಸ ಹೈಸ್ಕೂಲಿನದಕ್ಕಿಂತ ದೊಡ್ಡದು ಅನ್ನುತ್ತೇನೆ.

ಇನ್ನೊಂದು ದಾಖಲೆ ಯುಡೈಸ್, ಶಾಲೆಗಳ ಮಾಹಿತಿ ಇರುವ ಸರ್ಕಾರದ ದಾಖಲೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಕೋಡ್ ಇದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಶಾಲೆಯ ಗೋಡೆಯ ಮೇಲೆ ಬರೆದಿರುತ್ತದೆ, ಇಲ್ಲವಾದರೆ ಹೆಡ್‌ಮಾಸ್ಟರ್ ಹೇಳುತ್ತಾರೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಆ ಕೋಡ್ ಹಾಕಿದರೆ ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಎಷ್ಟು ಶೌಚಾಲಯ ಎಂದು ಸರ್ಕಾರದ ಲೆಕ್ಕದಲ್ಲಿ ದಾಖಲಾಗಿದೆ ಅನ್ನುವುದು ಫೋನಿನಲ್ಲೇ ಸಿಗುತ್ತದೆ. ಅದನ್ನು ಹಿಡಿದುಕೊಂಡು ಶಾಲೆಯನ್ನು ಒಂದು ಸುತ್ತು ಹಾಕಿ. ಬಾಗಿಲಿಲ್ಲದ ಶೌಚಾಲಯ ‘ಬಳಕೆಯಲ್ಲಿದೆ’ ಎಂದು ನಮೂದಾಗಿದ್ದರೆ ದುರಸ್ತಿಯ ದುಡ್ಡು ನಿಮ್ಮೂರಿಗೆ ಬರುವುದಿಲ್ಲ. ಮುಂದಿನ ಸಾರಿ ಮಾಹಿತಿ ತುಂಬುವಾಗ ಹೆಡ್‌ಮಾಸ್ಟರ್ ಜೊತೆ ಒಬ್ಬರು ಸದಸ್ಯರು ಕೂರಲಿ.

ದುಡ್ಡು ಎಲ್ಲಿಂದ, ಎಷ್ಟು

ಹಳ್ಳಿ ಶಾಲೆಯ ಕೈಗೇ ನೇರವಾಗಿ ಬರುವ ದುಡ್ಡು ಕಡಿಮೆ. ಅದರಲ್ಲಿ ಮುಖ್ಯವಾದದ್ದು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. 2018ರಲ್ಲಿ ಶುರುವಾದ ಈ ಯೋಜನೆಯ ವೆಚ್ಚದಲ್ಲಿ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗೆ ವರ್ಷಕ್ಕೆ ₹10,000, ಅದಕ್ಕಿಂತ ಮೇಲೆ 100ರವರೆಗೆ ₹25,000, 250ರವರೆಗೆ ₹50,000, 1000ದವರೆಗೆ ₹75,000, ಅದನ್ನೂ ಮೀರಿದರೆ ₹1 ಲಕ್ಷ. ಇವೆಲ್ಲ ಗರಿಷ್ಠ ಮಿತಿ. ಕಂತು ತಡವಾಗಬಹುದು, ಪೂರ್ತಿ ಬಾರದಿರಬಹುದು. ಬಂದದ್ದರಲ್ಲಿ ಶೇ. 10ರಷ್ಟನ್ನಾದರೂ ಸ್ವಚ್ಛತೆಗೆ ಬಳಸಬೇಕು. ಇದಲ್ಲದೆ ಕಿರಿಯ ಪ್ರಾಥಮಿಕ ಶಾಲೆಗೆ ಗ್ರಂಥಾಲಯಕ್ಕೆ ₹5,000, ಆಟದ ಸಾಮಾನಿಗೆ ₹5,000ದವರೆಗೆ ಅವಕಾಶವಿದೆ.

30 ಮತ್ತು 31ರ ನಡುವಿನ ಗೆರೆಯನ್ನು ಗಮನಿಸಿ. ಒಂದು ಮಗು ಹೆಚ್ಚಾದರೆ ₹15,000 ಹೆಚ್ಚು. ನಿಮ್ಮ ಶಾಲೆ 28ರಲ್ಲಿದ್ದರೆ, ಊರಲ್ಲೇ ಇದ್ದು ಶಾಲೆಗೆ ಸೇರದ ಮೂರು ಮಕ್ಕಳು ಯಾರು ಎಂದು ಹುಡುಕುವುದು ದುಡ್ಡಿನ ಕೆಲಸವೂ ಹೌದು. ಆದರೆ ಊರು ಬಿಟ್ಟುಹೋದ ಮಗುವಿನ ಹೆಸರನ್ನು ಎಸ್‌ಎಟಿಎಸ್‌ನಲ್ಲಿ (ಮಕ್ಕಳ ದಾಖಲಾತಿಯ ಆನ್‌ಲೈನ್ ವ್ಯವಸ್ಥೆ) ಇಟ್ಟುಕೊಂಡು ಸಂಖ್ಯೆ ತುಂಬಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಮಗು ಹೋದ ಕಡೆ ಶಾಲೆಗೆ ಸೇರಲು ತೊಡಕಾಗುತ್ತದೆ. ಕಟ್ಟಡದ ಕೆಲಸಕ್ಕೆ ಅಪ್ಪ ಅಮ್ಮ ಬೆಂಗಳೂರಿಗೆ ಹೋದ ಮಗು ಅಲ್ಲಿ ಶೀಟಿನ ಶೆಡ್ಡಿನಲ್ಲಿ ಕೂತಿರುತ್ತದೆ, ಇಲ್ಲಿ ಅದರ ಹೆಸರಿಗೆ ಹಾಜರಿ ಬೀಳುತ್ತಿರುತ್ತದೆ. ಅಂಥ ಹಣ ನಮಗೆ ಬೇಡ.

42 ಮಕ್ಕಳ ಶಾಲೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎಲ್ಲವೂ ಪೂರ್ತಿ ಬಂದರೆ 25,000, 5,000, 5,000, ಒಟ್ಟು ₹35,000. 200 ದಿನಕ್ಕೆ ಹಂಚಿದರೆ ದಿನಕ್ಕೆ ₹175. ಇಡೀ ಶಾಲೆಯ ಸೀಮೆಸುಣ್ಣ, ಪೊರಕೆ, ಫಿನಾಯಿಲ್, ನಲ್ಲಿ ರಿಪೇರಿ, ಕಾಗದ, ಚಾರ್ಟು ಎಲ್ಲ ಇದರಲ್ಲೇ. ಮೊದಲು ಕರೆಂಟ್ ಬಿಲ್ಲೂ ಇದರಲ್ಲೇ ಹೋಗುತ್ತಿತ್ತು. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಿಸಿದರು. ನಿಮ್ಮ ಶಾಲೆಯಿಂದ ಇನ್ನೂ ಬಿಲ್ಲು ಕಟ್ಟುತ್ತಿದ್ದರೆ ಅದು ಯಾಕೆ ಎಂದು ಮೊದಲ ಸಭೆಯಲ್ಲೇ ಕೇಳಬಹುದು.

ಬಿಸಿಯೂಟದ ದುಡ್ಡು ಬೇರೆ ಖಾತೆ. ಅಕ್ಕಿ ಮಗುವಿಗೆ ದಿನಕ್ಕೆ ಐದನೇ ತರಗತಿವರೆಗೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ. ಬೇಳೆ, ತರಕಾರಿ, ಎಣ್ಣೆಯಂಥ ಸಾಮಗ್ರಿಗೆ ಕೇಂದ್ರ ಗೊತ್ತುಮಾಡಿದ ದರ 2025ರ ಮೇ 1ರಿಂದ ಕ್ರಮವಾಗಿ ₹6.78 ಮತ್ತು ₹10.17. ಆ ದಿನದ ಹಾಜರಿಯೂ ಊಟದ ಲೆಕ್ಕವೂ ತಾಳೆಯಾಗಬೇಕು. ಪಠ್ಯಪುಸ್ತಕ, ಸಮವಸ್ತ್ರ ಇಲಾಖೆಯಿಂದ ವಸ್ತುವಾಗಿಯೇ ಬರುತ್ತವೆ. ಯಾವಾಗ ಬಂತು ಎನ್ನುವ ತಾರೀಕು ನಡಾವಳಿಯಲ್ಲಿ ಬರೆದಿಡಿ, ಸಾಕು.

ಖಾತೆಯ ವಿಷಯದಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಿ. ಮೊದಲೆಲ್ಲ ದುಡ್ಡು ಶಾಲೆಯ ಪಾಸ್‌ಬುಕ್ಕಿಗೆ ಬಿದ್ದು ಅಲ್ಲೇ ಉಳಿಯುತ್ತಿತ್ತು. ಈಗ ಕೇಂದ್ರದ ಪಾಲಿರುವ ಯೋಜನೆಗಳಲ್ಲಿ ಹಣ ರಾಜ್ಯದ ಒಂದೇ ಖಾತೆಯಲ್ಲಿರುತ್ತದೆ, ಶಾಲೆಯದು ಜೀರೋ ಬ್ಯಾಲೆನ್ಸ್ ಖಾತೆ. ಶಾಲೆಗೆ ಇಂತಿಷ್ಟು ಖರ್ಚು ಮಾಡಬಹುದೆಂದು ಮಿತಿ ಮಾತ್ರ ಬರುತ್ತದೆ. ಪಾಸ್‌ಬುಕ್ಕಿನಲ್ಲಿ ಸೊನ್ನೆ ನೋಡಿ ‘ಈ ವರ್ಷ ಏನೂ ಬಂದಿಲ್ಲ’ ಎಂದು ನಾವು ಎಷ್ಟೋ ದಿನ ನಂಬಿದ್ದೆವು. ಈ ಮಿತಿ ಕಾಣುವುದು ಪಿಎಫ್‌ಎಂಎಸ್ ಎಂಬ ಸರ್ಕಾರದ ಆನ್‌ಲೈನ್ ಹಣಕಾಸು ವ್ಯವಸ್ಥೆಯಲ್ಲಿ. ಕೇಳಬೇಕಾದ ಪ್ರಶ್ನೆ ಇದು: ‘ಪಿಎಫ್‌ಎಂಎಸ್‌ನಲ್ಲಿ ನಮ್ಮ ಶಾಲೆಗೆ ಈಗ ಎಷ್ಟು ಮಿತಿ ಇದೆ, ಯಾವ ಬಾಬ್ತಿಗೆ?’ ಮಾರ್ಚ್ 31ರೊಳಗೆ ಬಳಸದಿದ್ದರೆ ಕೈತಪ್ಪುತ್ತದೆ. ಹಾಗೆಂದು ಮಾರ್ಚ್ ಕೊನೆಯ ವಾರ ಸಿಕ್ಕಿದ್ದಕ್ಕೆ ಸುರಿಯುವುದೂ ತಪ್ಪು. ಏನು ಕೊಳ್ಳಬೇಕೆಂಬ ಪಟ್ಟಿ ಜುಲೈನಲ್ಲೇ ಸಿದ್ಧವಿದ್ದರೆ ಮಿತಿ ಬಂದ ದಿನವೇ ಕೆಲಸ ಶುರುವಾಗುತ್ತದೆ.

ಅಧ್ಯಕ್ಷರಿಗೆ ಒಂದು ಕಿವಿಮಾತು. ಖಾಲಿ ಚೆಕ್ಕಿಗೆ, ಖಾಲಿ ವೋಚರ್‌ಗೆ, ಬರೆಯದ ನಡಾವಳಿ ಹಾಳೆಗೆ ಯಾವತ್ತೂ ಸಹಿ ಹಾಕಬೇಡಿ, ಎಷ್ಟೇ ಅರ್ಜೆಂಟ್ ಅಂದರೂ. ಓದು ಬಾರದ ಅಧ್ಯಕ್ಷರಿದ್ದರೆ ಬೇರೊಬ್ಬ ಸದಸ್ಯರು ಗಟ್ಟಿಯಾಗಿ ಓದಿ ಹೇಳಲಿ, ಆಮೇಲೆ ಹೆಬ್ಬೆಟ್ಟು. ಮೂರು ತಿಂಗಳಿಗೊಮ್ಮೆ ಕ್ಯಾಷ್ ಬುಕ್, ವೋಚರ್, ಸಾಮಾನು ಮೂರನ್ನೂ ಎದುರಿಗಿಟ್ಟು ನೋಡಿ. ‘ಪ್ಲಾಸ್ಟಿಕ್ ಬಕೆಟ್ 4’ ಎಂದು ಬರೆದಿದ್ದರೆ ನಾಲ್ಕು ಬಕೆಟ್ ಕಣ್ಣಿಗೆ ಕಾಣಬೇಕು.

ಎಲ್ಲಕ್ಕಿಂತ ದೊಡ್ಡ ಅನುದಾನ ಶಿಕ್ಷಕರು

ಈ ₹35,000ದ ಹಿಂದೆಯೇ ಓಡಾಡಿ ಸುಸ್ತಾಗುವ ಸಮಿತಿಗಳನ್ನು ನೋಡಿದ್ದೇನೆ. ಕಾಯಂ ಶಿಕ್ಷಕರೊಬ್ಬರ ಒಂದು ತಿಂಗಳ ಸಂಬಳ ನಲವತ್ತೆರಡು ಮಕ್ಕಳ ಶಾಲೆಯ ವರ್ಷದ ₹25,000 ಶಾಲಾ ಅನುದಾನಕ್ಕಿಂತ ಹೆಚ್ಚು. ಸರ್ಕಾರ ನಿಮ್ಮ ಶಾಲೆಯ ಮೇಲೆ ಹಾಕುವ ದುಡ್ಡಿನಲ್ಲಿ ಬಹುಪಾಲು ಅದೇ. ಒಂದು ಹುದ್ದೆ ಖಾಲಿ ಬಿದ್ದಿದ್ದರೆ, ಅಥವಾ ನಿಮ್ಮ ಶಾಲೆಯ ಶಿಕ್ಷಕರನ್ನು ನಿಯೋಜನೆಯ ಮೇಲೆ ಬೇರೆಡೆಗೆ ಕಳಿಸಿದ್ದರೆ, ಶಾಲೆ ಕಳೆದುಕೊಂಡ ದೊಡ್ಡ ಮೊತ್ತ ಅದೇ.

ಕಾಯ್ದೆಯ ಅನುಸೂಚಿ ಹೀಗಿದೆ: ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಆರರಿಂದ ಎಂಟನೇ ತರಗತಿಗೆ ತರಗತಿಗೊಬ್ಬರಾದರೂ ಇರಬೇಕು, ಅವರಲ್ಲಿ ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರು ಬೇಕು. ಅಂದರೆ ನಿಮ್ಮ ಶಾಲೆಯಲ್ಲಿ ನಾಲ್ಕೇ ಮಕ್ಕಳಿದ್ದರೂ ಇಬ್ಬರು ಶಿಕ್ಷಕರಿರಬೇಕು. ಏಕೋಪಾಧ್ಯಾಯ ಶಾಲೆ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಆ ಒಬ್ಬ ಮೇಷ್ಟ್ರು ತರಬೇತಿಗೋ ಮೀಟಿಂಗಿಗೋ ಹೋದ ದಿನ ಶಾಲೆಯೇ ಇಲ್ಲ.

ಮಂಜೂರಾದ ಹುದ್ದೆ ಎಷ್ಟು, ಕೆಲಸದಲ್ಲಿರುವವರು ಎಷ್ಟು, ನಿಯೋಜನೆಯಲ್ಲಿ ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಎಂದು ನಾಲ್ಕು ಅಂಕಿ ಬರೆದುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಮೇ ಕೊನೆಗೇ ಹೋದರೆ ಒಳ್ಳೆಯದು, ಅತಿಥಿ ಶಿಕ್ಷಕರ ಹಂಚಿಕೆ ಆಗುವ ಹೊತ್ತು. ಬರಿಗೈಯಲ್ಲಿ ಹೋಗಬೇಡಿ. ಸಮಿತಿಯ ನಿರ್ಣಯದ ಪ್ರತಿ, ಮಕ್ಕಳ ಮಟ್ಟದ ಎಣಿಕೆ ಎರಡೂ ಜೊತೆಗಿರಲಿ. ‘ಟೀಚರ್ ಕೊಡಿ’ ಎಂದು ಹೋದವರಿಗೆ ‘ನೋಡೋಣ’ ಅನ್ನುವುದು ಸುಲಭ. ‘ನಮ್ಮಲ್ಲಿ 42 ಮಕ್ಕಳು, ಒಬ್ಬರೇ ಟೀಚರ್, 19 ಮಕ್ಕಳಿಗೆ ಒತ್ತಕ್ಷರ ಬರಲ್ಲ’ ಎಂದು ಬರೆದುಕೊಟ್ಟರೆ ಕಚೇರಿಯವರು ಫೈಲಿನಲ್ಲಿ ಏನಾದರೂ ಉತ್ತರ ಬರೆಯಲೇಬೇಕು. ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.

ನೆನಪಿಗೆ ಇನ್ನೊಂದು ಮಾತು. ಪಾವಗಡ, ಶಿರಾ, ಕೊರಟಗೆರೆಯವರಿಗೆ ಕಂದಾಯ ಜಿಲ್ಲೆ ತುಮಕೂರಾದರೂ ಶೈಕ್ಷಣಿಕ ಜಿಲ್ಲೆ ಮಧುಗಿರಿ. ರಾಜ್ಯದಲ್ಲಿ 31 ಕಂದಾಯ ಜಿಲ್ಲೆ, 35 ಶೈಕ್ಷಣಿಕ ಜಿಲ್ಲೆ. ಚಿಕ್ಕೋಡಿ, ಶಿರಸಿ ಕಡೆಯವರಿಗೂ ಇದೇ ಕತೆ. ಶೈಕ್ಷಣಿಕ ಜಿಲ್ಲೆಯ ಮುಖ್ಯಸ್ಥರಾದ ಡಿಡಿಪಿಐಗೆ (ಉಪನಿರ್ದೇಶಕರು) ಅರ್ಜಿ ಬರೆಯುವಾಗ ವಿಳಾಸ ಸರಿಯಾಗಿರಲಿ, ಇಲ್ಲವಾದರೆ ಅರ್ಜಿ ಊರೂರು ಸುತ್ತುತ್ತದೆ.

ಎರಡು ಲೆಕ್ಕ ಸೇರಿಸಿದ ಒಂದು ಹಾಳೆ

ಈಗ ಎರಡೂ ಹಾಳೆ ಪಕ್ಕಪಕ್ಕ ಇಡಿ. ಎಡಗಡೆ ಮಕ್ಕಳು ನಿಂತ ಮೆಟ್ಟಿಲುಗಳು, ಬಲಗಡೆ ಕೈಯಲ್ಲಿರುವ ದುಡ್ಡು. ಪ್ರತಿ ಖರ್ಚಿನ ಮುಂದೆಯೂ ಒಂದು ಪ್ರಶ್ನೆ ಹಾಕಿ: ಇದರಿಂದ ಯಾವ ಮೆಟ್ಟಿಲ ಮೇಲಿನ ಮಗು ಮುಂದಕ್ಕೆ ಹೋಗುತ್ತದೆ?

ನಮ್ಮಲ್ಲಿ ಸಾಲದ ಕಳೆಯುವ ಲೆಕ್ಕಕ್ಕೆ ಬೇಕಾದದ್ದು ಹತ್ತರ ಕಡ್ಡಿ ಕಟ್ಟುಗಳು, ರಬ್ಬರ್ ಬ್ಯಾಂಡ್, ನೂರು ಮಣಿಯ ಸರ. ಕಡ್ಡಿ ಊರಲ್ಲೇ ಸಿಕ್ಕಿತು, ಜೋಳದ ದಂಟಿನದು. ಖರ್ಚಾದದ್ದು ಮುನ್ನೂರು ರೂಪಾಯಿಯೂ ಇಲ್ಲ. ಒತ್ತಕ್ಷರಕ್ಕೆ ದಪ್ಪ ಕಾಗದದ ಮಿಂಚುಪಟ್ಟಿಗಳನ್ನು ಟೀಚರ್ ಬರೆದರು, ಐದನೆಯವರು ಕತ್ತರಿಸಿದರು. ಪುಸ್ತಕ ಕೊಳ್ಳೋಣ ಎಂದು ಹೊರಟಾಗ ಗೊತ್ತಾಯಿತು, ಹಿಂದಿನ ವರ್ಷಗಳಲ್ಲಿ ಬಂದ ಕಥೆ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿ ಕೂತಿವೆ ಎಂದು. ಹರಿದುಹೋದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡುವುದು ಎಂಬ ಹೆದರಿಕೆ. ಆ ಹೆದರಿಕೆ ಸುಳ್ಳಲ್ಲ. ನಾವು ಮಾಡಿದ್ದು ಇಷ್ಟೇ: ‘ಮಕ್ಕಳು ಓದುವಾಗ ಹರಿದ ಪುಸ್ತಕಗಳಿಗೆ ಸಮಿತಿ ಒಪ್ಪಿಗೆ ಇದೆ’ ಎಂದು ನಡಾವಳಿಯಲ್ಲಿ ನಿರ್ಣಯ ಬರೆದೆವು. ಮಾರನೇ ದಿನ ಕೋಣೆಯ ಉದ್ದಕ್ಕೂ ನೈಲಾನ್ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಪುಸ್ತಕ ನೇತುಹಾಕಿದೆವು, ಎರಡನೇ ತರಗತಿ ಮಗುವಿನ ಕೈಗೆ ಎಟುಕುವಷ್ಟು ಕೆಳಗೆ.

ದೊಡ್ಡ ಖರ್ಚು ನಲಿ-ಕಲಿ ಕೋಣೆಯ ಹೆಂಚಿಗೆ ಹೋಯಿತು. ಮಳೆಗಾಲದಲ್ಲಿ ಅಲ್ಲಿ ನೀರು ಸೋರಿ ಮೂರು ತರಗತಿಯ ಮಕ್ಕಳು ಜಗಲಿಯಲ್ಲಿ ಕೂರುತ್ತಿದ್ದರು, ಕಲಿಕೆ ಕಾರ್ಡುಗಳೆಲ್ಲ ಮೆತ್ತಗಾಗಿದ್ದವು. ಸೋರುವ ಮಾಡು ಓದಿನ ಖರ್ಚೇ. ಗೇಟಿನ ಬಣ್ಣ ಆ ವರ್ಷ ಆಗಲಿಲ್ಲ.

ಪಟ್ಟಿ ಒಪ್ಪಿಗೆಯಾದ ಮೇಲೆ ಅದನ್ನು ಶಾಲಾಭಿವೃದ್ಧಿ ಯೋಜನೆಗೆ ಸೇರಿಸಿ. ಮೂರು ವರ್ಷದ ಯೋಜನೆ, ವರ್ಷಕ್ಕೊಂದು ಭಾಗ. ತರಗತಿವಾರು ಮಕ್ಕಳ ಅಂದಾಜು, ಬೇಕಾದ ಶಿಕ್ಷಕರು, ಕಟ್ಟಡ ಮತ್ತು ಸಾಮಗ್ರಿ, ಅದಕ್ಕೆ ಬೇಕಾದ ಹಣ ಎಲ್ಲ ಅದರಲ್ಲಿರಬೇಕು. ಹಿಂದಿನ ವರ್ಷದ್ದನ್ನೇ ತಾರೀಕು ಬದಲಿಸಿ ಬರೆದಿದ್ದರೆ ಸಹಿ ಹಾಕುವ ಮುಂಚೆ ನಿಲ್ಲಿಸಿ.

ಪಂಚಾಯಿತಿಯ ಬಾಗಿಲು

ಕಾಂಪೌಂಡು, ಶೌಚಾಲಯ, ಕುಡಿಯುವ ನೀರು, ಆಟದ ಬಯಲು ಶಾಲೆಯ ಅನುದಾನದಲ್ಲಿ ಆಗುವ ಕೆಲಸಗಳಲ್ಲ. ರಾಜ್ಯದ ಎಷ್ಟೋ ಶಾಲೆಗಳ ಕಾಂಪೌಂಡು ಎದ್ದದ್ದು ನರೇಗಾ ಕೆಲಸದಲ್ಲಿ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಗ್ರಾಮ ಪಂಚಾಯಿತಿಗೆ ಬಂದ ಅನುದಾನದ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಶಾಲೆಯ ನಲ್ಲಿ, ಶೌಚಾಲಯ ಕೇಳಲು ಅದಕ್ಕಿಂತ ಒಳ್ಳೆಯ ಬಾಬ್ತು ಬೇರೆ ಇರಲಿಲ್ಲ. ಕೇಳಿದ ಊರುಗಳಿಗೆ ಸಿಕ್ಕಿತು.

ಕೆಲಸ ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಬೇಕು, ಆಮೇಲೆ ಅಂಗಲಾಚಿದರೆ ಪ್ರಯೋಜನವಿಲ್ಲ. ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ನಾಲ್ಕೈದು ತಾಯಂದಿರು ಒಟ್ಟಿಗೆ ಎದ್ದು ಹೇಳಿ, ಹೇಳಿದ್ದು ನಡಾವಳಿಗೆ ಬಿತ್ತೇ ಎಂದು ನೋಡಿಕೊಂಡೇ ಮನೆಗೆ ಹೋಗಿ. ಮಕ್ಕಳ ಗ್ರಾಮ ಸಭೆಯನ್ನು ಭಾಷಣ, ಹಾಡಿಗೆ ಬಿಟ್ಟುಕೊಡಬೇಡಿ. ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ‘ನಮ್ಮ ಶೌಚಾಲಯಕ್ಕೆ ಚಿಲಕ ಇಲ್ಲ ಸಾರ್’ ಅಂದಾಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಲ್ಲೇ ಬರೆದುಕೊಂಡದ್ದನ್ನು ನಾನು ನೋಡಿದ್ದೇನೆ. ನಾವು ದೊಡ್ಡವರು ಎರಡು ವರ್ಷ ಅದನ್ನು ಹೇಳಲು ಸಂಕೋಚಪಟ್ಟಿದ್ದೆವು.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಪ್ರದೇಶ ಅಭಿವೃದ್ಧಿ ಮಂಡಳಿಯ ‘ಅಕ್ಷರ ಆವಿಷ್ಕಾರ’ ಎಂಬ ಶಿಕ್ಷಣ ಯೋಜನೆಯೂ ಇದೆ. ಶಾಸಕರ ನಿಧಿಯ ಅರ್ಜಿಗೆ ಸಮಿತಿಯ ನಿರ್ಣಯ ಮತ್ತು ಅಂದಾಜುಪಟ್ಟಿ ಲಗತ್ತಿಸಿ.

ದಾನಿಗಳು ಬಂದರೆ ಸಂತೋಷ. ಆದರೆ ಅವರು ಕೊಡಲು ತಂದದ್ದನ್ನು ಇಟ್ಟುಕೊಳ್ಳುವ ಬದಲು ನಿಮಗೆ ಬೇಕಾದ್ದರ ಪಟ್ಟಿ ಮುಂದಿಡಿ. ಪ್ಲಗ್ ಪಾಯಿಂಟೇ ಇಲ್ಲದ ಕೋಣೆಗೆ ದೊಡ್ಡ ಟಿವಿ ಬಂದು ಬೆಡ್‌ಶೀಟ್ ಹೊದ್ದು ಕೂತಿರುವ ಶಾಲೆಗಳಿವೆ. ಬೆಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿಗಳಿಗೆ ವಾಟ್ಸಾಪಿನಲ್ಲಿ ‘ಒತ್ತಕ್ಷರ ಕಲಿಯಲು 30 ಕಥೆ ಪುಸ್ತಕ ಬೇಕು’ ಎಂದು ಬರೆದು ನೋಡಿ. ‘ಶಾಲೆ ಅಭಿವೃದ್ಧಿಗೆ ಸಹಾಯ ಮಾಡಿ’ ಅನ್ನುವುದಕ್ಕಿಂತ ಬೇಗ ಉತ್ತರ ಬರುತ್ತದೆ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ, ಪ್ರತಿ ಸಾಮಾನಿಗೂ ದಾಸ್ತಾನು ಪುಸ್ತಕದಲ್ಲಿ ನಮೂದು.

ಉತ್ತರ ಸಿಗದಿದ್ದರೆ

ಮೊದಲು ಹೆಡ್‌ಮಾಸ್ಟರ್, ಆಮೇಲೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಇಒ, ಡಿಡಿಪಿಐ. ಬಾಯಿಮಾತಿನಲ್ಲಿ ಒಮ್ಮೆ, ಬರವಣಿಗೆಯಲ್ಲಿ ಒಮ್ಮೆ. ಆದರೂ ಮೌನವಿದ್ದರೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ ₹10, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ‘ಇಂಥ ಶಾಲೆಗೆ ಈ ಎರಡು ವರ್ಷದಲ್ಲಿ ಬಿಡುಗಡೆಯಾದ ಅನುದಾನ, ಬಾಬ್ತುವಾರು, ದಿನಾಂಕ ಸಹಿತ’ ಎಂದು ಒಂದು ಸಾಲು ಬರೆದರೆ ಸಾಕು. ಶಿಕ್ಷಣ ಹಕ್ಕಿನ ಉಲ್ಲಂಘನೆಯಾದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು.

ಸಭೆ ಯಾವಾಗ, ಹೇಗೆ

ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ಸಂಜೆ ಆರೂವರೆಗೆ, ಇಲ್ಲವೇ ಸಂತೆಯ ಹಿಂದಿನ ದಿನ ಇಡಿ. ಹೆಂಗಸರು ಹಿಂದೆ ಬಾಗಿಲ ಹತ್ತಿರ ಕೂತರೆ ಮಾತಾಡುವುದಿಲ್ಲ, ವೃತ್ತವಾಗಿ ಚಾಪೆ ಹಾಸಿ. ಮೊದಲ ಇಪ್ಪತ್ತು ನಿಮಿಷ ಓದಿನ ಎಣಿಕೆ, ಆಮೇಲೆ ದುಡ್ಡು, ಕೊನೆಗೆ ಉಳಿದ ವಿಷಯ. ಈ ಸರದಿ ಮಾತ್ರ ಬದಲಿಸಬೇಡಿ. ದುಡ್ಡಿನ ಮಾತು ಮೊದಲು ಬಂದರೆ ಓದಿನ ಮಾತಿಗೆ ಹೊತ್ತು ಉಳಿಯುವುದಿಲ್ಲ.

ಮುಂದಿನ ಸಭೆಗೆ ನೀವು ತರಬೇಕಾದದ್ದು ಇಷ್ಟು: ಶಾಲೆಯ ಯುಡೈಸ್ ಹಾಳೆಯ ಪ್ರತಿ, ಕಳೆದ ವರ್ಷದ ಕ್ಯಾಷ್ ಬುಕ್, ಒಂದು ನೋಟ್‌ಬುಕ್, ಎರಡನೇ ತರಗತಿಯ ಕನ್ನಡ ಪುಸ್ತಕ. ಸಭೆಗೆ ಅರ್ಧ ಗಂಟೆ ಮೊದಲೇ ಹೋಗಿ, ಅಂಗಳದಲ್ಲಿ ಆಡುತ್ತಿರುವ ಒಂದು ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಸ್ತಕ ತೆರೆದು ಅದರ ಕೈಗೆ ಕೊಡಿ.